‘ನಮ್ಮ ಸಿಸ್ಟಮ್‌ನಲ್ಲಿ ಚೆನ್ನಾಗೇ ಕಾಣ್ತಿದೆ’ ಎನ್ನುವ ಗೆಳೆಯರಿಗೆ

ಮದುವೆ, ನಾಮಕರಣ, ಗೃಹಪ್ರವೇಶಗಳ ಫೋಟೋ ತೆಗೆದು ಆಲ್ಬಂ ಮಾಡಿಸುವ ಫೋಟೋಗ್ರಾಫರ್ ಮಿತ್ರರಿಗೂ ಆ ಆಲ್ಬಂಗಳ ಪುಟ ಜೋಡಿಸುವ ಡಿಸೈನರ್‌ಗಳಿಗೂ ಈ ಪತ್ರ.

ನಾನು ಕಲರ್ ಲ್ಯಾಬಿನಲ್ಲಿ ಪ್ರಿಂಟಿಂಗ್ ಯಂತ್ರದ ಮುಂದೆ ಕೂರುವವನು. ನೀವು ನಿದ್ದೆಗೆಟ್ಟು ಮುಗಿಸಿದ ಫೈಲು ಕಾಗದದ ಮೇಲೆ ಮೂಡುವುದನ್ನು ಮೊದಲು ನೋಡುವವನು ನಾನು. ಆಲ್ಬಂ ನಿಮ್ಮ ಕೈ ಸೇರಿದ ಮೇಲೆ ಬರುವ ಫೋನು ಎತ್ತುವವನೂ ನಾನೇ. “ಸಾರ್, ಪ್ರಿಂಟ್ ಡಾರ್ಕ್ ಬಂದಿದೆ. ಮುಖ ಎಲ್ಲ ಹಳದಿ ಹೊಡೀತಿದೆ. ನಮ್ಮ ಸಿಸ್ಟಮ್‌ನಲ್ಲಿ ಚೆನ್ನಾಗೇ ಕಾಣ್ತಿದೆಯಲ್ಲ?” ಈ ಮಾತು ಹಾಸನದಿಂದಲೂ ಬರುತ್ತದೆ, ಹಾವೇರಿಯಿಂದಲೂ ಬರುತ್ತದೆ. ಹೊಸದಾಗಿ ಕ್ಯಾಮೆರಾ ಹಿಡಿದ ಹುಡುಗರೂ ಹೇಳುತ್ತಾರೆ, ರೀಲ್ ಕಾಲದಿಂದ ಸ್ಟುಡಿಯೋ ನಡೆಸಿದ ಹಿರಿಯರೂ ಹೇಳುತ್ತಾರೆ. ಫೋನಿನಲ್ಲಿ ಎರಡು ನಿಮಿಷದಲ್ಲಿ ಉತ್ತರಿಸಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನೀವು ಹೇಳುವುದು ನಿಜ. ನಿಮ್ಮ ಪರದೆಯಲ್ಲಿ ಆ ಫೋಟೋ ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಪರದೆ ತೋರಿಸುತ್ತಿರುವುದು ಫೈಲಿನಲ್ಲಿ ಇರುವುದನ್ನೇ ಹೌದೋ ಅಲ್ಲವೋ ಎಂದು ಯಾರಾದರೂ ಅಳೆದಿದ್ದಾರೆಯೇ? ಬಹುಪಾಲು ಕಡೆ ಅಳೆದಿರುವುದಿಲ್ಲ. ಅಂಗಡಿಯಿಂದ ತಂದ ಮಾನಿಟರನ್ನು ಪೆಟ್ಟಿಗೆಯಿಂದ ತೆಗೆದು, ತಂತಿ ಜೋಡಿಸಿ, ಅಂದಿನಿಂದಲೇ ಅದರ ಮೇಲೆ ಕಲರ್ ಕರೆಕ್ಷನ್ ಶುರುವಾಗಿರುತ್ತದೆ. ಕ್ಯಾಮೆರಾಕ್ಕೆ ಲಕ್ಷಗಟ್ಟಲೆ, ಲೆನ್ಸಿಗೆ ಲಕ್ಷಗಟ್ಟಲೆ ಸುರಿದವರು ಕೊನೆಯ ತೀರ್ಮಾನವನ್ನು ಅಳತೆ ಇಲ್ಲದ ಒಂದು ಗಾಜಿನ ಮೇಲೆ ಬಿಟ್ಟಿರುತ್ತೀರಿ. ನನಗೆ ನೋವಾಗುವುದು ಇಲ್ಲಿಯೇ.

ಮೊದಲು ಬೆಳಕಿನ ಲೆಕ್ಕ ನೋಡೋಣ. ಪರದೆ ತಾನೇ ಬೆಳಕು ಚೆಲ್ಲುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ತನ್ನ ಮೇಲೆ ಬಿದ್ದದ್ದನ್ನು ಹಿಂದಕ್ಕೆ ಕೊಡುತ್ತದೆ, ಅಷ್ಟೆ. ಇವತ್ತಿನ ಸಾಮಾನ್ಯ ಮಾನಿಟರು ಕಾರ್ಖಾನೆಯಿಂದ ಬರುವಾಗ ಚದರ ಮೀಟರಿಗೆ 250ರಿಂದ 350 ಕ್ಯಾಂಡೆಲಾದಷ್ಟು ಪ್ರಕಾಶಕ್ಕೆ ಸಿದ್ಧವಾಗಿರುತ್ತದೆ. ಅಂಗಡಿಯ ಸಾಲಿನಲ್ಲಿ ಪಕ್ಕದ ಮಾನಿಟರಿಗಿಂತ ಥಳಥಳ ಕಾಣಬೇಕಲ್ಲ, ಅದಕ್ಕೆ. ಈಗ ಪ್ರಿಂಟಿನ ಕಡೆ ಬನ್ನಿ. ಮನೆಯ ಹಾಲಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ಸೋಫಾದ ಮೇಲೆ ಆಲ್ಬಂ ಬಿಡಿಸಿದರೆ ಆ ಪುಟದ ಮೇಲೆ ಬೀಳುವ ಬೆಳಕು 100ರಿಂದ 150 ಲಕ್ಸ್ ಎಂದಿಟ್ಟುಕೊಳ್ಳಿ. ಕಾಗದದ ಅತಿ ಬಿಳಿಯ ಜಾಗ ಅದರಲ್ಲಿ ಶೇಕಡಾ 90ರಷ್ಟನ್ನು ಮರಳಿಸಿದರೂ ಕಣ್ಣಿಗೆ ಸಿಗುವ ಪ್ರಕಾಶ 30ರಿಂದ 45 ಕ್ಯಾಂಡೆಲಾ ಮಾತ್ರ. ನೀವು ಎಡಿಟ್ ಮಾಡಿದ್ದು 300ರಲ್ಲಿ, ಮದುಮಗಳ ಅಜ್ಜಿ ನೋಡುತ್ತಿರುವುದು 40ರಲ್ಲಿ.

300ರ ಪರದೆಯ ಮುಂದೆ ಕೂತಾಗ ನಿಮ್ಮ ಕೈ ತಾನಾಗಿಯೇ ಏನು ಮಾಡುತ್ತದೆ? ಫೋಟೋ ಹೆಚ್ಚು ಬ್ರೈಟ್ ಆಯಿತು ಎನಿಸಿ ಎಕ್ಸ್‌ಪೋಷರ್ ಇಳಿಸುತ್ತದೆ. ಕಲ್ಯಾಣ ಮಂಟಪದ ಮೂಲೆಯ ಕತ್ತಲೆಯಲ್ಲೂ ಎಲ್ಲ ವಿವರ ಕಾಣುತ್ತಿರುವುದರಿಂದ ನೆರಳನ್ನು ಎತ್ತಬೇಕು ಎಂದು ಹೊಳೆಯುವುದೇ ಇಲ್ಲ. ಪರದೆ ಬೆಳಕು ಹೆಚ್ಚಾದಷ್ಟೂ ಪ್ರಿಂಟು ಕಪ್ಪಾಗುವುದು ಹೀಗೆ. 300ಕ್ಕೂ ಎಡಿಟಿಂಗ್‌ಗೆ ತಕ್ಕ 100ಕ್ಕೂ ನಡುವೆ ನಮ್ಮ ಕ್ಯಾಮೆರಾ ಭಾಷೆಯಲ್ಲಿ ಸುಮಾರು ಒಂದೂವರೆ ಸ್ಟಾಪ್ ಅಂತರವಿದೆ. ಮದುಮಗನ ಕಪ್ಪು ಸೂಟಿನ ಮಡಿಕೆ, ಮದುಮಗಳ ಜಡೆಯ ಎಳೆ, ಹಿಂದೆ ನಿಂತ ನೆಂಟರ ಕಣ್ಣು ಎಲ್ಲವೂ ಆ ಅಂತರದೊಳಗೆ ಮುಳುಗುತ್ತವೆ.

ಕಪ್ಪಿನ ವಿಷಯಕ್ಕೂ ಮಿತಿ ಇದೆ. ಸಾಮಾನ್ಯ ಐಪಿಎಸ್ ಮಾನಿಟರಿನಲ್ಲಿ ಬಿಳಿಗೂ ಕಪ್ಪಿಗೂ 1000:1ರ ಅಂತರವಿದ್ದರೆ ಒಳ್ಳೆಯ ಗ್ಲಾಸಿ ಕಾಗದದಲ್ಲಿ ಅದು ಸುಮಾರು 200:1. ಮ್ಯಾಟ್ ಕಾಗದದಲ್ಲಿ ಅದಕ್ಕಿಂತಲೂ ಬಹಳ ಕಡಿಮೆ. ಮಂಟಪದ ಕಪ್ಪು ಬಟ್ಟೆಯ ಮುಂದೆ ನೀಲಿ ಎಲ್‌ಇಡಿ ಲೈಟು ಹಾಕಿ ತೆಗೆದ ರಿಸೆಪ್ಷನ್ ಫೋಟೋವನ್ನು ಮ್ಯಾಟ್ ಹಾಳೆಗೆ ಹಾಕಿಸುವಾಗ ಇದನ್ನು ನೆನಪಿಡಿ. ಅಷ್ಟು ಆಳದ ಕಪ್ಪು ಆ ಕಾಗದಕ್ಕೆ ಸಾಧ್ಯವಿಲ್ಲ. ಅಷ್ಟು ಉರಿಯುವ ನೀಲಿಯೂ ಯಾವ ಕಾಗದಕ್ಕೂ ಸಾಧ್ಯವಿಲ್ಲ.

ಇನ್ನು ಬಣ್ಣ. ನಮ್ಮ ಕಣ್ಣು ಯಾವ ಬೆಳಕಿನ ಮುಂದೆ ಕೂತರೂ ಕೆಲವೇ ನಿಮಿಷಗಳಲ್ಲಿ ಅದಕ್ಕೆ ಒಗ್ಗಿಕೊಂಡು, ಅಲ್ಲಿರುವ ಅತಿ ತಿಳಿಯಾದದ್ದನ್ನೇ ಬಿಳಿ ಎಂದು ಒಪ್ಪಿಕೊಳ್ಳುತ್ತದೆ. ಬದುಕಲು ಇದು ಬೇಕು, ಕಲರ್ ಕರೆಕ್ಷನ್‌ಗೆ ಇದರಷ್ಟು ದೊಡ್ಡ ಅಡ್ಡಿ ಬೇರೆ ಇಲ್ಲ. ಅನೇಕ ಮಾನಿಟರುಗಳ ಬಿಳಿ ನೀಲಿ ಕಡೆಗೆ ವಾಲಿರುತ್ತದೆ. ಇರಬೇಕಾದದ್ದು 6500 ಕೆಲ್ವಿನ್ ಆಸುಪಾಸಿನಲ್ಲಿ, ಇರುವುದು 7500 ದಾಟಿ. ಕೂತು ಐದು ನಿಮಿಷ ಕಳೆದರೆ ನಿಮಗೆ ಆ ನೀಲಿ ಕಾಣುವುದಿಲ್ಲ. ಆದರೆ ಫೋಟೋದಲ್ಲಿನ ಮುಖ ತಣ್ಣಗೆ, ಜೀವವಿಲ್ಲದಂತೆ ಕಾಣುತ್ತದೆ. ಟೆಂಪರೇಚರ್ ಸ್ಲೈಡರನ್ನು ಹಳದಿ ಕಡೆಗೆ ಎಳೆಯುತ್ತೀರಿ. ಹಾಯೆನಿಸುತ್ತದೆ. ಫೈಲು ನನ್ನ ಬಳಿ ಬಂದಾಗ ಆ ಹಳದಿ ಫೈಲಿನೊಳಗೆ ಬರೆದಿರುತ್ತದೆ, ನಿಮ್ಮ ಪರದೆಯ ನೀಲಿ ಮಾತ್ರ ಜೊತೆಗೆ ಬಂದಿರುವುದಿಲ್ಲ. ಯಂತ್ರ ಆ ಹಳದಿಯನ್ನು ನಿಷ್ಠೆಯಿಂದ ಪ್ರಿಂಟ್ ಮಾಡುತ್ತದೆ. “ಹಳದಿ ಹೊಡೀತಿದೆ” ಎಂಬ ಫೋನು ಹುಟ್ಟುವುದು ಇಲ್ಲಿಂದ.

ಲ್ಯಾಪ್‌ಟಾಪಿನಲ್ಲಿ ಆಲ್ಬಂ ಮುಗಿಸುವವರಿಗೆ ಒಂದು ಮಾತು. ಕಡಿಮೆ ಬೆಲೆಯ ಲ್ಯಾಪ್‌ಟಾಪುಗಳ ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದು ಬರೆದಿರುತ್ತದೆ. ಎನ್‌ಟಿಎಸ್‌ಸಿ ಎಂಬುದು 1953ರ ಅಮೆರಿಕದ ಬಣ್ಣದ ಟೀವಿಯ ಅಳತೆ. ಅದರಲ್ಲಿ 45 ಎಂದರೆ ನಾವು ದಿನವೂ ಬಳಸುವ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಆ ಪರದೆಯಲ್ಲಿ ಕಾಣದೇ ಹೋಗುತ್ತವೆ. ಇಳಕಲ್ ಸೀರೆಯ ಸೆರಗಿನ ಕೆಂಪು ಅದರಲ್ಲಿ ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ. ಬಣ್ಣ ಸಾಲದು ಎಂದು ನೀವು ಸ್ಯಾಚುರೇಶನ್ ಏರಿಸುತ್ತೀರಿ. ಫೈಲಿನಲ್ಲಿ ಸರಿಯಾಗಿಯೇ ಇದ್ದ ಕೆಂಪು ಆಗ ತುದಿ ಮುಟ್ಟಿ ಕತ್ತರಿಸಿ ಹೋಗುತ್ತದೆ. ಪ್ರಿಂಟಿನಲ್ಲಿ ರೇಷ್ಮೆಯ ನೇಯ್ಗೆ ಇರುವುದಿಲ್ಲ, ಜರಿಯ ಪಕ್ಕದ ನೆರಳು ಇರುವುದಿಲ್ಲ, ಒಂದು ಕೆಂಪು ತೇಪೆ ಇರುತ್ತದೆ. ಇನ್ನು ಟಿಎನ್ ಪ್ಯಾನೆಲ್ ಇರುವ ಲ್ಯಾಪ್‌ಟಾಪಿನಲ್ಲಿ ಮುಚ್ಚಳವನ್ನು ಒಂದಿಷ್ಟು ಹಿಂದೆ ಮುಂದೆ ಬಾಗಿಸಿದರೂ ಮುಖದ ಬಣ್ಣ ಬದಲಾಗುತ್ತದೆ. ಅಂಥ ಪರದೆಯಲ್ಲಿ ಪುಟ ಜೋಡಿಸಿ, ಬೇಡವೆನ್ನುವುದಿಲ್ಲ. ಬಣ್ಣದ ತೀರ್ಮಾನ ಮಾತ್ರ ಅದರಲ್ಲಿ ಮಾಡಬೇಡಿ.

ಹಾಗಾದರೆ ಮಾಡಬೇಕಾದದ್ದು ಏನು? ಅಳೆಯಬೇಕು. ಬಂಗಾರದ ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಇದೆಯೇ ಎಂದು ನೋಡುವ ನಾವು, ಮನೆತನದ ಮುಖಗಳನ್ನು ತೂಗುವ ಪರದೆಗೆ ಯಾವ ಮುದ್ರೆಯನ್ನೂ ಕೇಳುವುದಿಲ್ಲ. ಈ ಕೆಲಸಕ್ಕೆಂದೇ ಕಲರಿಮೀಟರ್ ಎಂಬ ಪುಟ್ಟ ಸಾಧನವಿದೆ. ಡೇಟಾಕಲರ್ ಕಂಪನಿಯ ಸ್ಪೈಡರ್, ಕ್ಯಾಲಿಬ್ರೈಟ್ ಕಂಪನಿಯವು, ಹೀಗೆ ಕೆಲವು ಸಿಗುತ್ತವೆ. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ಒಂದು ಒಳ್ಳೆಯ ಲೆನ್ಸಿಗೆ ಕೊಡುವುದಕ್ಕಿಂತ ಬಹಳ ಕಡಿಮೆ ಬೆಲೆ. ಅದನ್ನು ಪರದೆಯ ಮೇಲೆ ಒರಗುವಂತೆ ತೂಗುಬಿಟ್ಟರೆ ತಂತ್ರಾಂಶ ಒಂದಾದ ಮೇಲೊಂದು ಬಣ್ಣದ ಚೌಕ ತೋರಿಸುತ್ತಾ ಹೋಗುತ್ತದೆ. ಕೆಂಪು ಕೇಳಿದಾಗ ಪರದೆ ಎಂಥ ಕೆಂಪು ಕೊಟ್ಟಿತು, ನಡುಬೂದು ಕೇಳಿದಾಗ ಅದರಲ್ಲಿ ನೀಲಿ ಎಷ್ಟು ಬೆರೆಯಿತು ಎಂದು ಸಾಧನ ಓದಿಕೊಳ್ಳುತ್ತದೆ. ಕೊನೆಗೆ ಒಂದು ಐಸಿಸಿ ಪ್ರೊಫೈಲ್ ಬರೆದು ಕಂಪ್ಯೂಟರಿನಲ್ಲಿ ಕೂರಿಸುತ್ತದೆ. ಫೋಟೋಶಾಪ್, ಲೈಟ್‌ರೂಮ್‌ಗಳು ಅದನ್ನು ಓದಿ ತೋರಿಸುವ ಬಣ್ಣವನ್ನು ತಿದ್ದಿಕೊಳ್ಳುತ್ತವೆ. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಮುಗಿಯುವ ಕೆಲಸ.

ಅದು ಕೇಳುವ ಪ್ರಶ್ನೆಗಳಿಗೆ ಉತ್ತರವನ್ನೂ ಹೇಳಿಬಿಡುತ್ತೇನೆ. ಬಿಳಿಯ ಬಿಂದು ಡಿ65, ಅಂದರೆ 6500 ಕೆಲ್ವಿನ್. ಗಾಮಾ 2.2. ಪ್ರಕಾಶ 80ರಿಂದ 120 ಕ್ಯಾಂಡೆಲಾದೊಳಗೆ. ಕೋಣೆಯಲ್ಲಿ ಬೆಳಕು ಕಡಿಮೆ ಇದ್ದರೆ 80ರ ಹತ್ತಿರ, ಹೆಚ್ಚಿದ್ದರೆ 120ರ ಹತ್ತಿರ. ಶುರು ಮಾಡುವ ಮೊದಲು ಮಾನಿಟರು ಅರ್ಧ ಗಂಟೆ ಉರಿದು ಸ್ಥಿರವಾಗಿರಲಿ. ನೈಟ್ ಲೈಟ್, ಟ್ರೂ ಟೋನ್, ಬೆಳಕಿಗೆ ತಕ್ಕಂತೆ ತಾನೇ ಏರಿಳಿಯುವ ಬ್ರೈಟ್‌ನೆಸ್ ಎಲ್ಲವನ್ನೂ ಆಫ್ ಮಾಡಿ. ಪರದೆ ವಯಸ್ಸಾದಂತೆ ಬದಲಾಗುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಮೊದಲ ದಿನ ಎಲ್ಲವೂ ಮಂಕಾಗಿ, ಹಳದಿಯಾಗಿ ಕಾಣುತ್ತದೆ. ಹಳೆಯ ಸೆಟ್ಟಿಂಗ್‌ಗೆ ಹೋಗಬೇಡಿ. ಎರಡು ದಿನದಲ್ಲಿ ಅದೇ ಅಭ್ಯಾಸವಾಗುತ್ತದೆ.

ಸಾಧನ ಕೊಳ್ಳುವುದು ಒಬ್ಬೊಬ್ಬರಿಗೇ ಕಷ್ಟವಾದರೆ ಕೂಡಿ ಕೊಳ್ಳಿ. ನಮ್ಮಲ್ಲಿ ತಾಲ್ಲೂಕು ತಾಲ್ಲೂಕಿಗೂ ಫೋಟೋಗ್ರಾಫರ್ ಸಂಘಗಳಿವೆ. ಸಂಘಕ್ಕೊಂದು ಕಲರಿಮೀಟರ್ ಇದ್ದರೆ ತಿಂಗಳಲ್ಲಿ ಒಂದು ಸಂಜೆ ಸದಸ್ಯರ ಅಂಗಡಿಗಳನ್ನೆಲ್ಲ ಸುತ್ತಿ ಬರಬಹುದು. ಆರ್ಗಿಲ್, ಡಿಸ್‌ಪ್ಲೇಕ್ಯಾಲ್ ಎಂಬ ಉಚಿತ ತಂತ್ರಾಂಶಗಳೂ ಇವೆ, ಅನೇಕ ಸಾಧನಗಳ ಜೊತೆ ಅವು ಕೆಲಸ ಮಾಡುತ್ತವೆ.

ಕೋಣೆಯ ಬಗ್ಗೆಯೂ ಯೋಚಿಸಿ. ಎಷ್ಟೋ ಸ್ಟುಡಿಯೋಗಳಲ್ಲಿ ಎಡಿಟಿಂಗ್ ಮೇಜಿನ ಹಿಂದಿನ ಗೋಡೆ ಕಡು ಕಿತ್ತಳೆಯೋ ಗಿಣಿಹಸಿರೋ ಆಗಿರುತ್ತದೆ. ಆ ಬಣ್ಣ ಕಣ್ಣೊಳಗೆ ಕೂತು ಪರದೆಯ ಬಣ್ಣವನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ತಿಳಿ ಬೂದು ಬಣ್ಣ ಹೊಡೆಸಿ. ಕಿಟಕಿಯ ಬಿಸಿಲು ಪರದೆಗೆ ಹೊಡೆಯದಂತೆ ನೋಡಿಕೊಳ್ಳಿ. ಪ್ರಿಂಟನ್ನು ಪರಿಶೀಲಿಸಲು ಜಗತ್ತಿನ ಮುದ್ರಣ ಉದ್ಯಮ ಒಪ್ಪಿಕೊಂಡ ಬೆಳಕು 5000 ಕೆಲ್ವಿನ್‌ನದು, ಡಿ50 ಎನ್ನುತ್ತಾರೆ. ಒಳ್ಳೆಯ ಸಿಆರ್‌ಐ ಇರುವ, ಅಂದರೆ ಬಣ್ಣಗಳನ್ನು ಇದ್ದ ಹಾಗೆ ತೋರಿಸುವ ಅಂಥ ಒಂದು ದೀಪವನ್ನು ಮೇಜಿನ ಪಕ್ಕ ಹಾಕಿಸಿಕೊಂಡರೆ ಪ್ರಿಂಟು ಸರಿಯೋ ತಪ್ಪೋ ಎಂಬ ಜಗಳ ಅರ್ಧ ಕಡಿಮೆಯಾಗುತ್ತದೆ. ಡಾರ್ಕ್‌ರೂಮಿನಲ್ಲಿ ಕೆಲಸ ಕಲಿತ ಹಿರಿಯರಿಗೆ ಇದು ಹೊಸ ಮಾತಲ್ಲ. ಅವರು ಐದೈದು ಸೆಕೆಂಡಿನ ಪಟ್ಟಿಗಳಲ್ಲಿ ಟೆಸ್ಟ್ ಸ್ಟ್ರಿಪ್ ಹೊಡೆದು, ಕೆಂಪು ದೀಪದಲ್ಲಿ ಕಂಡದ್ದನ್ನು ನಂಬದೆ ಬೆಳಕಿಗೆ ತಂದು ನೋಡಿ ಆಮೇಲೆ ಪೂರ್ತಿ ಹಾಳೆ ಖರ್ಚು ಮಾಡುತ್ತಿದ್ದರು. ಆ ಶಿಸ್ತು ಕಂಪ್ಯೂಟರ್ ಬಂದ ಮೇಲೆ ಹೇಗೆ ಕೈಬಿಟ್ಟುಹೋಯಿತೋ ತಿಳಿಯದು.

ಲ್ಯಾಬಿನವರದು ತಪ್ಪೇ ಇಲ್ಲ ಎಂದು ವಾದಿಸಲು ನಾನು ಕೂತಿಲ್ಲ. ನಮ್ಮ ಕಡೆಯ ಜವಾಬ್ದಾರಿಯನ್ನೂ ತೆರೆದಿಡುತ್ತೇನೆ, ಆಗ ನೀವು ಲ್ಯಾಬನ್ನು ಪ್ರಶ್ನಿಸಬಹುದು. ನಿಮ್ಮ ಫೈಲನ್ನು ಲೇಸರ್ ಕಿರಣಗಳು ಕೆಂಪು, ಹಸಿರು, ನೀಲಿಯಲ್ಲಿ ಫೋಟೋ ಕಾಗದದ ಮೇಲೆ ಬರೆಯುತ್ತವೆ. ಆ ಕಾಗದ 35 ಡಿಗ್ರಿಗೂ ಮೇಲಿನ ಬಿಸಿಯ ಡೆವಲಪರಿನಲ್ಲಿ, ಆಮೇಲೆ ಬ್ಲಿಕ್ಸ್ ಎಂಬ ದ್ರಾವಣದಲ್ಲಿ, ಆಮೇಲೆ ತೊಳೆಯುವ ತೊಟ್ಟಿಗಳಲ್ಲಿ ಹಾದು ಒಣಗಿ ಹೊರಬರುತ್ತದೆ. ಬೆಳಗ್ಗೆ ಯಂತ್ರ ಬಿಸಿಯಾದ ಮೇಲೆ ಗಿರಾಕಿಯ ಫೈಲು ಹಾಕುವ ಮುಂಚೆ ಬೂದು ಮತ್ತು ಬಣ್ಣದ ಮೆಟ್ಟಿಲುಗಳಿರುವ ಸೆಟಪ್ ಪ್ರಿಂಟ್ ತೆಗೆಯಬೇಕು. ಅದನ್ನು ಡೆನ್ಸಿಟೋಮೀಟರಿಗೆ ಉಣಿಸಬೇಕು. ಯಂತ್ರ ತನ್ನನ್ನು ತಾನೇ ತಿದ್ದಿಕೊಂಡ ಮೇಲೆ ಇನ್ನೊಮ್ಮೆ ತೆಗೆದು ಬೂದು ಬೂದಾಗಿಯೇ ಇದೆಯೇ ನೋಡಬೇಕು. ಕಾಗದದ ರೋಲು ಬೇರೆ ಬ್ಯಾಚಿನದಾದರೆ ಮತ್ತೆ ಮಾಡಬೇಕು. ಇದನ್ನು ಬಿಟ್ಟ ಲ್ಯಾಬಿನಲ್ಲಿ ಸೋಮವಾರದ ಪ್ರಿಂಟಿಗೂ ಗುರುವಾರದ ಪ್ರಿಂಟಿಗೂ ಹೊಂದಿಕೆ ಇರುವುದಿಲ್ಲ. “ಇವತ್ತಿನ ಸೆಟಪ್ ಪ್ರಿಂಟ್ ತೋರಿಸಿ” ಎಂದು ಕೇಳುವ ಹಕ್ಕು ನಿಮಗಿದೆ. ಕೇಳುವವರು ಹೆಚ್ಚಾದರೆ ನಮ್ಮವರೂ ಎಚ್ಚರವಾಗುತ್ತಾರೆ.

ಇನ್ನೊಂದು ವಿಷಯ ಕರೆಕ್ಷನ್. ನಮ್ಮ ಕೀಬೋರ್ಡಿನಲ್ಲಿ ಡೆನ್ಸಿಟಿ, ಸಯಾನ್, ಮಜೆಂತಾ, ಹಳದಿ ಎಂಬ ನಾಲ್ಕು ಕೀಲಿಗಳಿವೆ. ನಿಮ್ಮ ಫೋಟೋ ಕಪ್ಪಾಗಿ ಕಂಡರೆ ನಾನು ಡೆನ್ಸಿಟಿ ಇಳಿಸುತ್ತೇನೆ, ಹಳದಿ ಕಂಡರೆ ಹಳದಿ ತೆಗೆಯುತ್ತೇನೆ. ಆದರೆ 12×36 ಇಂಚಿನ ಒಂದು ಆಲ್ಬಂ ಹಾಳೆಯಲ್ಲಿ ನೀವು ಆರು ಫೋಟೋ ಜೋಡಿಸಿರುತ್ತೀರಿ. ಧಾರೆಯ ಫೋಟೋ ಹಳದಿ, ಹೊರಾಂಗಣದ ಫೋಟೋ ನೀಲಿ, ರಿಸೆಪ್ಷನ್ ಫೋಟೋ ಮಜೆಂತಾ. ಆರೂ ಸೇರಿ ಒಂದೇ ಫೈಲು. ಒಂದಕ್ಕೆ ಮದ್ದು ಹಾಕಿದರೆ ಉಳಿದ ಐದಕ್ಕೆ ರೋಗ. ಆ ಹಾಳೆಯನ್ನು ಸರಿಪಡಿಸುವ ಶಕ್ತಿ ಲ್ಯಾಬಿಗಿಲ್ಲ, ನಿಮಗೆ ಮಾತ್ರ ಇದೆ.

ಫೈಲ್ ಕಳಿಸುವಾಗ ಆಗುವ ಒಂದು ಅನಾಹುತವನ್ನೂ ಇಲ್ಲಿಯೇ ಹೇಳಬೇಕು. ಕ್ಯಾಮೆರಾದಲ್ಲಿ ಅಡೋಬಿ ಆರ್‌ಜಿಬಿ ಎಂಬ ಆಯ್ಕೆ ಇದೆ. 1998ರಲ್ಲಿ ಬಂದ ಆ ಬಣ್ಣದ ವಲಯ ದೊಡ್ಡದು, ಒಳ್ಳೆಯದು. ಆದರೆ ಹೆಚ್ಚಿನ ಲ್ಯಾಬುಗಳು ಬಯಸುವುದು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮುಂದಿಟ್ಟ, 1999ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಎಸ್‌ಆರ್‌ಜಿಬಿಯನ್ನು. ದೊಡ್ಡ ವಲಯದ ಅಂಕಿಗಳನ್ನು ಚಿಕ್ಕ ವಲಯದ ಅಂಕಿಗಳೆಂದು ಯಂತ್ರ ಓದಿಕೊಂಡರೆ ಮೈಸೂರು ಸಿಲ್ಕಿನ ಹಸಿರು ಒಗೆದು ಒಗೆದು ಬಣ್ಣ ಹೋದ ಹಾಗೆ ಬರುತ್ತದೆ. ಸೇವ್ ಮಾಡುವಾಗ ‘ಕನ್ವರ್ಟ್ ಟು ಪ್ರೊಫೈಲ್’ ಕೊಟ್ಟು ಎಸ್‌ಆರ್‌ಜಿಬಿ ಮಾಡಿ, ಪ್ರೊಫೈಲನ್ನು ಫೈಲಿನೊಳಗೇ ಸೇರಿಸಿ. ‘ಅಸೈನ್’ ಕೊಡಬೇಡಿ, ಅದು ಅಂಕಿ ಬದಲಿಸದೆ ಹಣೆಪಟ್ಟಿ ಬದಲಿಸುತ್ತದೆ. ಲ್ಯಾಬಿನಿಂದ ಕಾಗದದ ಪ್ರೊಫೈಲ್ ಕೇಳಿ ಪಡೆದು ಫೋಟೋಶಾಪಿನಲ್ಲಿ ಸಾಫ್ಟ್ ಪ್ರೂಫ್ ಮಾಡಿ ನೋಡಿದರೆ ಕುಂಕುಮದ ಕೆಂಪು ಕಾಗದದ ಮೇಲೆ ಎಷ್ಟು ಇಳಿಯುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ. ಪ್ರೊಫೈಲ್ ಕೊಡದ ಲ್ಯಾಬಿನವರನ್ನು ಒತ್ತಾಯಿಸಿ.

ಈವರೆಗೆ ಹೇಳಿದ್ದೆಲ್ಲ ಯಂತ್ರದ ಮಾತು. ನನ್ನ ಎದೆಯಲ್ಲಿ ಭಾರವಾಗಿ ಕೂತಿರುವುದು ಬೇರೆ.

ಅರಿಶಿನ ಶಾಸ್ತ್ರದ ಒಂದು ಫೋಟೋ ಪರದೆಯ ಮೇಲೆ ತೆರೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಮಣೆಯ ಮೇಲೆ ಕೂತ ಹುಡುಗಿ, ಸುತ್ತ ಮುತ್ತೈದೆಯರು, ಹಿಂದೆ ಚೆಂಡು ಹೂವಿನ ಮಾಲೆ. ಹುಡುಗಿಯ ಮುಖ ಬೆಳ್ಳಗೆ, ನುಣ್ಣಗೆ. ಅವಳ ಕೈ ಕಂದು. ಕತ್ತಿನ ಬಳಿ ಬೆಳ್ಳಗೂ ಕಂದಿಗೂ ನಡುವೆ ಒಂದು ಗೆರೆ. ಕಿವಿಯ ಸುತ್ತ ಮಾಸ್ಕ್ ಸರಿಯಾಗಿ ಕೂರದೆ ಓಲೆಯ ಬಂಗಾರ ಅರ್ಧ ಬೆಳ್ಳಿಯಾಗಿದೆ. ಅರಿಶಿನ ಹಚ್ಚಿದ ಕೆನ್ನೆಯಲ್ಲಿ ಅರಿಶಿನವೇ ಇಲ್ಲ! ಏನಾಗಿದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಎಚ್‌ಎಸ್‌ಎಲ್ ಪಟ್ಟಿಯಲ್ಲಿ ಆರೆಂಜ್ ಲ್ಯೂಮಿನೆನ್ಸ್ ಏರಿಸಿ, ಹಳದಿಯ ಸ್ಯಾಚುರೇಶನ್ ಇಳಿಸಿದ್ದೀರಿ. ಮುಖ ‘ಫೇರ್’ ಆಗಲಿ ಎಂದು. ಚರ್ಮದ ಬಣ್ಣ ಕೂತಿರುವ ಜಾಗದಲ್ಲಿಯೇ ಅರಿಶಿನ ಕೂತಿದೆ, ಬಂಗಾರ ಕೂತಿದೆ, ಚೆಂಡು ಹೂವು ಕೂತಿದೆ, ದೀಪದ ಬೆಳಕು ಕೂತಿದೆ. ಒಂದನ್ನು ಒರೆಸಲು ಹೋದ ಕೈ ಎಲ್ಲವನ್ನೂ ಒರೆಸಿದೆ. ಆ ಶಾಸ್ತ್ರ ನಡೆದದ್ದೇ ಅರಿಶಿನಕ್ಕಾಗಿ, ಫೋಟೋದಲ್ಲಿ ಉಳಿಯದೆ ಹೋದದ್ದೂ ಅದೇ.

ಛಾಯಾಗ್ರಹಣದ ಚರಿತ್ರೆಯಲ್ಲಿ ಕಪ್ಪು, ಕಂದು ಚರ್ಮಕ್ಕೆ ಅನ್ಯಾಯ ಹೊಸದಲ್ಲ. 1950ರ ದಶಕದಿಂದ ಅಮೆರಿಕದ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಪ್ರಿಂಟ್ ಕಳಿಸುತ್ತಿತ್ತು. ಅದರಲ್ಲಿ ಇದ್ದದ್ದು ಒಬ್ಬ ಬಿಳಿಯ ಹೆಂಗಸಿನ ಚಿತ್ರ. ಶರ್ಲಿ ಎಂಬ ಮೊದಲ ರೂಪದರ್ಶಿಯ ಹೆಸರಿನಿಂದ ಅದನ್ನು ಶರ್ಲಿ ಕಾರ್ಡ್ ಎಂದೇ ಕರೆಯುತ್ತಿದ್ದರು. ಆಪರೇಟರು ಆಕೆಯ ಮುಖ ಸರಿಯಾಗಿ ಬರುವಂತೆ ಯಂತ್ರ ಹೊಂದಿಸಬೇಕು, ಊರಿನ ಉಳಿದ ಮುಖಗಳೆಲ್ಲ ಆ ಹೊಂದಿಕೆಯಲ್ಲಿಯೇ ಬರಬೇಕು. ಕೆನಡಾದ ಸಂಶೋಧಕಿ ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಕಥೆಯನ್ನು ವಿವರವಾಗಿ ಹೇಳಿದ್ದಾರೆ. ಕಂದು ಬಣ್ಣಗಳು ಫಿಲ್ಮಿನಲ್ಲಿ ಸರಿಯಾಗಿ ಮೂಡುತ್ತಿಲ್ಲ ಎಂಬ ದೂರನ್ನು ಕಂಪನಿ ಗಂಭೀರವಾಗಿ ತೆಗೆದುಕೊಂಡದ್ದು ಮರದ ಪೀಠೋಪಕರಣ ಮಾಡುವವರು, ಚಾಕೊಲೇಟ್ ಮಾಡುವವರು ಗಲಾಟೆ ಎಬ್ಬಿಸಿದ ಮೇಲೆ ಎಂದು ಆ ಲೇಖನದಿಂದ ತಿಳಿಯುತ್ತದೆ. ಮನುಷ್ಯರ ಮುಖಕ್ಕಾಗಿ ಆಗದ ತಿದ್ದುಪಡಿ ಮೇಜು ಕುರ್ಚಿಗಾಗಿ ಆಯಿತು. ಇದನ್ನು ಓದಿದಾಗ ನನಗೆ ಸಿಟ್ಟು ಬಂದಿತ್ತು. ಇನ್ನೂ ಇಳಿದಿಲ್ಲ.

ಆ ಕಾಲ ದಾಟಿ ಬಂದಿದ್ದೇವೆ. ಬಣ್ಣ ಪರೀಕ್ಷಿಸಲು ಜಗತ್ತೆಲ್ಲ ಬಳಸುವ 24 ಚೌಕಗಳ ಕಲರ್‌ಚೆಕರ್ ಪಟ 1976ರಲ್ಲಿ ಬಂತು. ಅದರ ಮೊಟ್ಟಮೊದಲ ಚೌಕದ ಹೆಸರು ‘ಡಾರ್ಕ್ ಸ್ಕಿನ್’, ಎರಡನೆಯದು ‘ಲೈಟ್ ಸ್ಕಿನ್’. ಎಸ್‌ಆರ್‌ಜಿಬಿಯಲ್ಲಿ ಮೊದಲನೆಯದರ ಅಂಕಿ ಸುಮಾರು 115, 82, 68. ಎರಡನೆಯದು 194, 150, 130. ನಮ್ಮ ನಾಡಿನ ಬಹುಪಾಲು ಮುಖಗಳು ಈ ಎರಡರ ನಡುವೆ ಎಲ್ಲೋ ಇರುತ್ತವೆ. ಇಂದಿನ ಕ್ಯಾಮೆರಾ ಈ ಮುಖಗಳನ್ನು ಸೊಗಸಾಗಿ ಹಿಡಿಯುತ್ತದೆ. ಕಾಗದವೂ ಹಿಡಿಯುತ್ತದೆ. ಅಳೆದ ಪರದೆ ಇದ್ದರೆ ಸರಿಯಾಗಿ ತೋರಿಸುತ್ತದೆ. ಯಂತ್ರಗಳೆಲ್ಲ ಒಪ್ಪಿಕೊಂಡ ಬಣ್ಣವನ್ನು ಈಗ ನಾವೇ, ನಮ್ಮ ಕೈಯಾರೆ, ಮೌಸ್ ಹಿಡಿದು ಅಳಿಸುತ್ತಿದ್ದೇವೆ. ಶರ್ಲಿ ಕಾರ್ಡನ್ನು ಯಾರೂ ಕಳಿಸದಿದ್ದರೂ ತಲೆಯೊಳಗೆ ಇಟ್ಟುಕೊಂಡಿದ್ದೇವೆ.

“ಗಿರಾಕಿ ಕೇಳ್ತಾರೆ ಸಾರ್, ಏನ್ ಮಾಡೋದು?” ಎನ್ನುತ್ತೀರಿ. ಕೇಳುತ್ತಾರೆ, ನಿಜ. 1975ರಿಂದ ‘ಫೇರ್ ಅಂಡ್ ಲವ್ಲಿ’ ಜಾಹೀರಾತು ನೋಡುತ್ತಾ ಬೆಳೆದ ದೇಶ ಇದು. 2020ರಲ್ಲಿ ಆ ಕ್ರೀಮೇ ತನ್ನ ಹೆಸರಿನಿಂದ ‘ಫೇರ್’ ತೆಗೆದು ‘ಗ್ಲೋ’ ಎಂದು ಹಾಕಿಕೊಂಡಿತು, ನಮ್ಮ ಪ್ರಿಸೆಟ್‌ಗಳು ಮಾತ್ರ ಅಲ್ಲೇ ಉಳಿದಿವೆ. ಆದರೆ ನೂರಾರು ಆಲ್ಬಂ ಫೈಲು ತೆರೆದವನಾಗಿ ಹೇಳುತ್ತೇನೆ. ಕೇಳದವರ ಮುಖಕ್ಕೂ ನೀವು ಅದನ್ನೇ ಹಚ್ಚುತ್ತಿದ್ದೀರಿ. ಬ್ಯಾಚ್‌ನಲ್ಲಿ ಒಂದೇ ಆಕ್ಷನ್ ಓಡಿಸಿದರೆ ಮದುಮಗಳ ತಂದೆ, ಗದ್ದೆಯಲ್ಲಿ ದುಡಿದು ಬಿಸಿಲುಂಡ ಮುಖದವರು, ಪುಡಿ ಬಳಿದ ಹಾಗೆ ಕಾಣುತ್ತಾರೆ. ಅವರ ಹಣೆಯ ಗೆರೆ ಹೋಗಿರುತ್ತದೆ. ಅವರು ಅದನ್ನು ಕೇಳಿರಲಿಲ್ಲ. ಮಗಳನ್ನು ಕಳಿಸಿಕೊಡುವಾಗ ತಮ್ಮ ಮುಖ ಹೇಗಿತ್ತೋ ಹಾಗೇ ಇರಲಿ ಎಂದೇ ಅವರು ಬಯಸಿಯಾರು.

ಕಸುಬಿನ ದೃಷ್ಟಿಯಿಂದಲೂ ಇದು ನಷ್ಟ. ಚರ್ಮವನ್ನು 240ರ ಮೇಲಕ್ಕೆ ತಳ್ಳಿದರೆ ಅದು ಬರಿ ಕಾಗದದ ಬಿಳಿಯನ್ನು ಸಮೀಪಿಸುತ್ತದೆ. ಮೂಗಿನ ಪಕ್ಕದ ನೆರಳು, ಕೆನ್ನೆಯ ಉಬ್ಬು, ನಕ್ಕಾಗ ಬಿದ್ದ ಗುಳಿ ಯಾವುದನ್ನೂ ಬರೆಯಲು ಕಾಗದದಲ್ಲಿ ಜಾಗ ಉಳಿಯುವುದಿಲ್ಲ. ಪರದೆಯ ಹಿಂದಿನ ಬೆಳಕಿನಲ್ಲಿ ಅದು ಹೊಳಪಿನಂತೆ ಕಾಣುತ್ತದೆ, ಪ್ರಿಂಟಿನಲ್ಲಿ ಸುಣ್ಣದಂತೆ. ಕಂದು ಚರ್ಮಕ್ಕೆ ನಿಜವಾದ ಹೊಳಪು ಬರುವುದು ಅದರ ಮೇಲೆ ಬಿದ್ದ ಬೆಳಕಿನ ಸಣ್ಣ ಮಿಂಚಿನಿಂದ, ಆ ಮಿಂಚಿನ ಸುತ್ತ ಉಳಿದ ಗಾಢ ಬಣ್ಣದಿಂದ. ಧಾರೆ ಎರೆಯುವಾಗ ಹಾಲು ಬೀಳುವ ಕೈಗಳನ್ನು ನೋಡಿ. ಕೈ ಕಂದಾಗಿ ಉಳಿದರೆ ತಾನೆ ಹಾಲು ಬೆಳ್ಳಗೆ ಕಾಣುವುದು?

ಬೆಳಕು ಕಡಿಮೆಯಾಗಿದ್ದರೆ ಏರಿಸಿ, ಹಸಿರು ಎಲ್‌ಇಡಿ ಮುಖಕ್ಕೆ ಹೊಡೆದಿದ್ದರೆ ತೆಗೆಯಿರಿ. ಅದು ಕರೆಕ್ಷನ್. ಮಂಟಪದಲ್ಲಿ ಒಂದೇ ಒಂದು ಫ್ರೇಮಿನಲ್ಲಿ ಬೂದು ಕಾರ್ಡು ಹಿಡಿಸಿ ತೆಗೆದರೂ ಸಾಕು, ಆ ಬೆಳಕಿನ ಎಲ್ಲ ಫೋಟೋಗಳಿಗೂ ವೈಟ್ ಬ್ಯಾಲೆನ್ಸ್ ಸಿಗುತ್ತದೆ. ಮುಖದ ಬಣ್ಣವನ್ನೇ ಬದಲಿಸುವುದು ಕರೆಕ್ಷನ್ ಅಲ್ಲ. ಗಿರಾಕಿ ಕೇಳಿದಾಗ ಎರಡು ಪ್ರಿಂಟ್ ಮಾಡಿಸಿ ತೋರಿಸಿ, 8×12ರದ್ದು ಸಾಕು. ಒಂದು ಅವರು ಕೇಳಿದ ಹಾಗೆ, ಇನ್ನೊಂದು ಇದ್ದ ಹಾಗೆ, ಸರಿಯಾದ ಬೆಳಕಿನಲ್ಲಿ. ವಾಟ್ಸಾಪಿನಲ್ಲಿ ಕಳಿಸಿ ಒಪ್ಪಿಗೆ ಕೇಳಬೇಡಿ. ಫೋನಿನ ಪರದೆ ಬಿಸಿಲಿಗೆ ಹೋದರೆ ತಾನೇ ಉರಿಯುತ್ತದೆ, ‘ವಿವಿಡ್’ ಮೋಡಿನಲ್ಲಿದ್ದರೆ ಎಲ್ಲ ಬಣ್ಣವನ್ನೂ ಉಬ್ಬಿಸುತ್ತದೆ. ಅದರ ಮೇಲೆ ಬಣ್ಣದ ತೀರ್ಮಾನ ಆಗುವಂತಿಲ್ಲ. ಕಾಗದ ಕೈಯಲ್ಲಿಟ್ಟರೆ ಹಿರಿಯರು ಎರಡನೆಯದನ್ನೇ ಎತ್ತಿಕೊಳ್ಳುವುದನ್ನು ಹಲವು ಸಲ ಕಂಡಿದ್ದೇನೆ. “ಇದು ನಮ್ಮ ಹುಡುಗಿ” ಎನ್ನುತ್ತಾರೆ.

ಹಾರ್ಡ್‌ಡಿಸ್ಕ್ ಕೈಕೊಡುತ್ತದೆ, ಕ್ಲೌಡಿನ ಪಾಸ್‌ವರ್ಡ್ ಮರೆತುಹೋಗುತ್ತದೆ, ಪೆನ್‌ಡ್ರೈವ್ ಯಾವುದೋ ಡ್ರಾಯರಿನಲ್ಲಿ ಕಳೆದುಹೋಗುತ್ತದೆ. ಮನೆಯಲ್ಲಿ ಉಳಿಯುವುದು ಆಲ್ಬಂ. 80ರ ದಶಕದ ಎಷ್ಟೋ ಬಣ್ಣದ ಪ್ರಿಂಟುಗಳು ಸಯಾನ್ ಬಣ್ಣ ಕಳೆದುಕೊಂಡು ಈಗ ಕೆಂಪಗಾಗಿವೆ. ಅದು ರಸಾಯನದ ದೋಷ, ಕಾಲದ ದೋಷ. ಇಂದಿನ ಕಾಗದಗಳು ಅವಕ್ಕಿಂತ ಬಹಳ ಗಟ್ಟಿ. ಮೊಮ್ಮಗಳು ಬಿಡಿಸಿ ನೋಡುವಾಗ ಅಜ್ಜಿಯ ನಿಜವಾದ ಬಣ್ಣ ಅಲ್ಲಿ ಸಿಗಬೇಕು. ಆ ಬಣ್ಣ ತನ್ನ ಕೈಯಲ್ಲೂ ಇದೆ ಎಂದು ಅವಳಿಗೆ ತಿಳಿಯಬೇಕು.

ಈ ವಾರ ಒಂದು ಕೆಲಸ ಮಾಡಿ. ನಿಮ್ಮದೇ ಹಳೆಯ ಒಂದು ಫೋಟೋ ಆರಿಸಿಕೊಳ್ಳಿ. ಅದರಲ್ಲಿ ಎರಡು ಮೂರು ಬೇರೆ ಬೇರೆ ಮೈಬಣ್ಣದವರು ಇರಲಿ, ಬಿಳಿ ಪಂಚೆ ಇರಲಿ, ಕಪ್ಪು ಕೂದಲಿರಲಿ, ಕೆಂಪು ರೇಷ್ಮೆ ಇರಲಿ. ಪಕ್ಕದಲ್ಲಿ ಕಪ್ಪಿನಿಂದ ಬಿಳಿವರೆಗಿನ ಬೂದು ಮೆಟ್ಟಿಲಿನ ಒಂದು ಪಟ್ಟಿ ಸೇರಿಸಿ. ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, 300 ಡಿಪಿಐನಲ್ಲಿ 8×12 ಮಾಡಿ, ನೀವು ಫೈಲು ಕಳಿಸುವ ಲ್ಯಾಬಿಗೆ ಕಳಿಸಿ. ಆರ್ಡರ್ ಚೀಟಿಯಲ್ಲಿ ‘ನೋ ಕರೆಕ್ಷನ್’ ಎಂದು ದಪ್ಪಕ್ಷರದಲ್ಲಿ ಬರೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ನನ್ನಂಥ ಆಪರೇಟರು ಒಳ್ಳೆಯ ಮನಸ್ಸಿನಿಂದಲೇ ಕೀಲಿ ಒತ್ತಿಬಿಡುತ್ತಾನೆ, ನಿಮಗೆ ಏನೂ ತಿಳಿಯುವುದಿಲ್ಲ. ಪ್ರಿಂಟ್ ಬಂದ ಮೇಲೆ ಮೊದಲು ಬೂದು ಪಟ್ಟಿ ನೋಡಿ. ಪ್ರಿಂಟಿನಲ್ಲಿ ಬೂದು ಬೂದಾಗಿಯೇ ಇದ್ದು ನಿಮ್ಮ ಪರದೆಯಲ್ಲಿ ನೀಲಿಯಾಗಿ ಕಂಡರೆ ತಿದ್ದಬೇಕಾದದ್ದು ಪರದೆಯನ್ನು. ಪ್ರಿಂಟಿನಲ್ಲಿಯೇ ಬೂದು ಹಸಿರಾಗಿದ್ದರೆ ಲ್ಯಾಬಿಗೆ ಫೋನು ಮಾಡಿ. ಆ ಫೋನನ್ನು ಎತ್ತಲು, ಯಂತ್ರ ನಿಲ್ಲಿಸಿ ಮತ್ತೆ ಸೆಟಪ್ ತೆಗೆಯಲು ನಾನು ಸಿದ್ಧ.

ನಿಮ್ಮವನೇ ಆದ
ಒಬ್ಬ ಲ್ಯಾಬ್ ಆಪರೇಟರ್